ಒಂದು ದಿನವೂ ತಪ್ಪದ ಅಭ್ಯಾಸ

ತಕ್ಕಡಿ ರಿಪೇರಿಯವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಇದನ್ನು ಅವನೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. ಎರಡು ಸ್ವರಗಳನ್ನು ಒಂದರ ಹಿಂದೊಂದು ಕೇಳಿಸಿ ಯಾವುದು ಮೇಲಿನದು ಎಂದರೆ, ಜೋರಾಗಿ ಕೇಳಿಸಿದ್ದು ಮೇಲಿನದು ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಈ ಪರೀಕ್ಷೆಯನ್ನು ನಾಲ್ಕಾರು ಸಲ ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ಕೈಬಿಟ್ಟಿದ್ದಳು.

ಹಾಗಾಗಿ ಮಕ್ಕಳಿಬ್ಬರ ಸಂಗೀತ ಪೂರ್ತಿ ಅಮ್ಮನ ಪಾಲಿಗೆ ಬಂದಿತ್ತು. ಹನ್ನೊಂದು ವರ್ಷದ ದೊಡ್ಡವಳು ಪಿಟೀಲು ಕಲಿಯುತ್ತಿದ್ದಳು. ಏಳು ವರ್ಷದ ಚಿಕ್ಕವಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುವವಳು, ಕೊಳಲು. ಸಂಜೆ ಅಮ್ಮ ಕೈಯಲ್ಲಿ ಯಾವುದೋ ಹೊಲಿಗೆ ಹಿಡಿದು ಅವರ ಪಕ್ಕದಲ್ಲಿ ಕೂರುವಳು. ನಡುನಡುವೆ "ಆ ಮೂರನೇ ಬೆರಳು ಸ್ವಲ್ಪ ಹಿಂದೆ" ಎನ್ನುವಳು. ಇದ್ದಕ್ಕಿದ್ದಂತೆ "ಇವತ್ತಿಗೆ ಇಷ್ಟು ಸಾಕು, ಏಳಿ" ಎಂದುಬಿಡುವಳು. ಒಂದು ದಿನ ಇಪ್ಪತ್ತು ನಿಮಿಷಕ್ಕೆ ಸಾಕು, ಇನ್ನೊಂದು ದಿನ ಐವತ್ತಾದರೂ ಸಾಲದು. ಯಾವ ಆಧಾರದ ಮೇಲೆ ಎಂದು ಗಂಡ ಕೇಳಿದರೆ, "ಮುಖ ನೋಡಿದ್ರೆ ಗೊತ್ತಾಗತ್ತಲ್ಲ ರೀ" ಎನ್ನುವಳು. ಇದೆಂಥ ಅಳತೆ ಎಂದು ಅವನು ತಲೆ ಕೊಡವುತ್ತಿದ್ದ.

ಅವನ ಬದುಕೆಲ್ಲ ಅಳತೆಯದ್ದೇ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಗೋಡೆಯುದ್ದಕ್ಕೂ ಬಿಚ್ಚಿಟ್ಟ ತಕ್ಕಡಿಗಳ ಕೈಕಾಲು. ತರಕಾರಿಯವರದು, ಔಷಧಿ ಅಂಗಡಿಯವರದು, ಹಳೇ ಕಾಗದ ಕೊಳ್ಳುವವರದು, ಎಲ್ಲರ ತಕ್ಕಡಿಯೂ ಒಂದಲ್ಲ ಒಂದು ದಿನ ಅಲ್ಲಿಗೆ ಬರಲೇಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವನು ಬಿಡುತ್ತಿರಲಿಲ್ಲ. ಸ್ಪ್ರಿಂಗಿಗೆ ದಣಿವು ಬಂದಿದ್ದರೆ ಬೆರಳಲ್ಲಿ ಮುಟ್ಟಿಯೇ ಹೇಳುತ್ತಿದ್ದ. ಆ ಬೆರಳುಗಳ ಮೇಲೆ ಅವನಿಗೆ ಬಹಳ ನಂಬಿಕೆ.

ಹಿಂದಿನ ವರ್ಷದ ರಜೆಯಲ್ಲಿ ಒಂದು ಯಡವಟ್ಟಾಗಿತ್ತು. ದೊಡ್ಡ ರಜೆಯ ಆರು ವಾರವೂ ಮಕ್ಕಳು ಕುಣಿದಾಡಿದ್ದರು, ಪಿಟೀಲಿನ ಪೆಟ್ಟಿಗೆ ಮಂಚದಡಿ ಧೂಳು ತಿಂದಿತ್ತು. ಕ್ಲಾಸು ಮತ್ತೆ ಶುರುವಾದ ದಿನ ಪಿಟೀಲು ಮೇಡಂ ಎರಡು ಸಾಲು ಕೇಳಿ, ಏನೂ ಬೈಯದೆ, ದೊಡ್ಡವಳನ್ನು ಹೊಸದಾಗಿ ಸೇರಿದ ಚಿಕ್ಕ ಮಕ್ಕಳ ಜೊತೆ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಮನೆಗೆ ಬಂದ ಹುಡುಗಿ ಊಟದ ಮೇಜಿನ ಕೆಳಗೆ ಬೋರಲು ಮಲಗಿ ಅತ್ತಿದ್ದಳು. ಗುಬ್ಬಿಯೂ ಪಕ್ಕದಲ್ಲಿ ಮಲಗಿ, ಏನು ಎತ್ತ ಗೊತ್ತಿಲ್ಲದಿದ್ದರೂ, ಜೊತೆಗೆ ಅತ್ತಿದ್ದಳು. ಮೇಜಿನಿಂದ ಹೊರಗೆ ಚಾಚಿದ್ದ ಆ ನಾಲ್ಕು ಪಾದಗಳನ್ನು ಅಪ್ಪ ಮರೆತಿರಲಿಲ್ಲ.

ಈ ವರ್ಷ ಇನ್ನೂ ದೊಡ್ಡ ಮಾತಿತ್ತು. ರಜೆ ಮುಗಿದ ವಾರದಲ್ಲೇ ಊರಿನ ಮಕ್ಕಳ ವಾದ್ಯವೃಂದಕ್ಕೆ ಆಯ್ಕೆ. ದೊಡ್ಡವಳಿಗೆ ಅದರದ್ದೇ ಧ್ಯಾನ. ನುಡಿಸಬೇಕಾದ ಹಾಳೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದಳು.

ರಜೆ ಶುರುವಾದ ಎರಡನೇ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅಮ್ಮ ತವರಿಗೆ ಹೊರಡಲೇಬೇಕಾಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಹೇಳಿದಳು: "ಮಕ್ಕಳ ಅಭ್ಯಾಸ ಬಿಡಿಸ್ಬೇಡಿ. ನಿಮಗೆ ಕಿವಿ ಇಲ್ಲ ಅಂತ ಗೊತ್ತು, ಪರವಾಗಿಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ."

"ನೀನೇನೂ ಯೋಚ್ನೆ ಮಾಡ್ಬೇಡ. ಒಂದು ದಿನ ತಪ್ಪೋಕೆ ಬಿಡಲ್ಲ" ಎಂದ ಅವನು. ಹಾಗೆ ಹೇಳುವಾಗ ಅವನಿಗೆ ಎದೆ ಉಬ್ಬಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಈ ವಿಷಯದಲ್ಲಿ ಅವನಿಗೂ ಒಂದು ಕೆಲಸ ಸಿಕ್ಕಿತ್ತು.

ಅವತ್ತೇ ಪಿಟೀಲು ಮೇಡಂ ಮನೆಗೆ ಹೋದ. ಅವರು ಮಗನ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದರು, ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದರು. ದಿನಕ್ಕೆ ಎಷ್ಟು ಹೊತ್ತು ಎಂದು ಇವನು ಕೇಳಿದ.

"ದೊಡ್ಡವಳಿಗೆ ಒಂದು ಗಂಟೆ. ಆ ಕೊನೇ ಭಾಗ ಇದೆಯಲ್ಲ, ವೇಗದ್ದು, ಅದೇ ಅವಳಿಗೆ ಕಷ್ಟ. ಒಂದೂವರೆ ಮಾಡಿದ್ರೂ ಒಳ್ಳೇದೇ. ಗ್ಯಾಪ್ ಮಾತ್ರ ಆಗ್ಬಾರ್ದು" ಎಂದರು ಮೇಡಂ, ಅತ್ತ ತಿರುಗಿಯೇ.

ಅವನು ಅದನ್ನು ಚೀಟಿಯಲ್ಲಿ ಬರೆದುಕೊಂಡ. ದಾರಿಯಲ್ಲಿ ಬರುತ್ತಾ, ಸ್ವಲ್ಪ ಜಾಸ್ತಿಯೇ ಇರಲಿ ಎಂದು, ಒಂದೂವರೆಯನ್ನು ಎರಡು ಮಾಡಿದ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ. ಗುಬ್ಬಿಗೆ ಹೊತ್ತಿಗೆ ಹದಿನೈದು ನಿಮಿಷ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಸ್ಕೇಲು ಹಿಡಿದು ಚೌಕ ಎಳೆದ. ಅಭ್ಯಾಸವಾದ ಚೌಕಕ್ಕೆ ಹಸಿರು ಬಣ್ಣ.

ಮೊದಲೆರಡು ವಾರ ಹಬ್ಬದ ಹಾಗೆ ಕಳೆಯಿತು. ಗುಬ್ಬಿಯ ಕೊಳಲಿನಲ್ಲಿ ಸ್ವರಕ್ಕಿಂತ ಗಾಳಿಯೇ ಹೆಚ್ಚು. "ಅಪ್ಪಾ, ಇದು ಸರಿ ಬಂತಾ?" ಎಂದು ಅವಳು ಕೇಳಿದರೆ, ಇವನು ಗಂಭೀರವಾಗಿ ಗಡಿಯಾರ ನೋಡಿ "ಇನ್ನು ನಾಲ್ಕು ನಿಮಿಷ ಇದೆ" ಎನ್ನುವನು. ಅಕ್ಕ ತಂಗಿ ಬಿದ್ದು ಬಿದ್ದು ನಗುವರು. ಬೀದಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಜನ ಮಕ್ಕಳನ್ನು ಕಟ್ಟಿಕೊಂಡು ಎಲ್ಲೆಲ್ಲಿಗೋ ಹೋಗಿದ್ದರು. ಇವರ ಕಿಟಕಿಯಿಂದ ಮಾತ್ರ ದಿನಾ ಎರಡು ಹೊತ್ತು ಪಿಟೀಲು ಕೇಳುತ್ತಿತ್ತು. ಎದುರುಮನೆಯ ಮುದುಕ ಒಮ್ಮೆ ತಡೆದು ನಿಲ್ಲಿಸಿ, "ನಿಮ್ಮ ಹುಡುಗಿ ದಿನದಿನಕ್ಕೆ ಸುಧಾರಿಸ್ತಿದಾಳೆ ಕಣಯ್ಯಾ" ಎಂದ. ಅಂದು ಇವನು ಮೂರು ತಕ್ಕಡಿಯನ್ನು ಶಿಳ್ಳೆ ಹಾಕುತ್ತಾ ರಿಪೇರಿ ಮಾಡಿದ. ಶಿಳ್ಳೆಯಲ್ಲಿ ಯಾವ ಹಾಡೂ ಇರಲಿಲ್ಲ, ಅದು ಬೇರೆ ಮಾತು.

ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ದೊಡ್ಡವಳು ಪಿಟೀಲು ಕೆಳಗಿಟ್ಟಳು. "ಅಪ್ಪಾ, ಎಡಗೈ ನೋಯ್ತಿದೆ."

ಅವನು ಅವಳ ಮಣಿಕಟ್ಟನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಊತವಿಲ್ಲ, ಗಾಯವಿಲ್ಲ. "ಹೊಸದಾಗಿ ಕೆಲ್ಸ ಕಲಿವಾಗ ನನ್ನ ಕೈಯೆಲ್ಲ ಬೊಬ್ಬೆ ಬಂದಿತ್ತು ಮಗಳೇ. ಆಮೇಲೆ ತಾನಾಗೇ ಗಟ್ಟಿಯಾಯ್ತು" ಎಂದ. ಎಣ್ಣೆ ಬಿಸಿ ಮಾಡಿ, ಮೃದುವಾಗಿ ತಿಕ್ಕಿದ. ಆಮೇಲೆ ಗಡಿಯಾರ ನೋಡಿದ. ಇನ್ನೂ ಇಪ್ಪತ್ತೈದು ನಿಮಿಷ ಉಳಿದಿತ್ತು. ಅವಳು ಅಷ್ಟನ್ನೂ ನುಡಿಸಿದಳು.

ನಾಲ್ಕು ದಿನ ಬಿಟ್ಟು ಎರಡನೇ ಸಲ. ಅವತ್ತು ಅವನು ಸಂಜೆ ಮನೆಗೆ ಬರುವಾಗ ದೊಡ್ಡವಳು ಕೆಳಗಿನ ಅಂಗಳದಲ್ಲಿ ಪಕ್ಕದ ಮನೆಯ ಹುಡುಗಿಯೊಡನೆ ಹಗ್ಗ ಹಾರುತ್ತಿದ್ದಳು. ಬೆವರಿನಲ್ಲಿ ಕೂದಲು ಹಣೆಗಂಟಿತ್ತು, ಕೂಗಾಟ ಬೀದಿಯ ತುದಿಗೆ ಕೇಳುತ್ತಿತ್ತು. ಮೇಲೆ ಬಂದು ಪಿಟೀಲು ತೆಗೆಯಲು ಹೇಳಿದಾಗ ಕೈ ನೋವು ಎಂದಳು.

ಅವನಿಗೆ ಸಿಟ್ಟು ಬಂತು. "ಹಗ್ಗ ಹಾರೋಕೆ ಕೈ ಇರತ್ತೆ, ಪಿಟೀಲಿಗೆ ಇರಲ್ವಾ? ಹೋದ ವರ್ಷ ಮೇಜಿನ ಕೆಳಗೆ ಬಿದ್ದು ಯಾರು ಅತ್ತಿದ್ದು? ನಾನಾ?"

"ಹಗ್ಗ ಹಾರುವಾಗ ಬೆರಳು ಬಗ್ಗಿಸಬೇಕಾಗಲ್ಲ ಅಪ್ಪಾ..."

"ನೆಪ ಹೇಳ್ಬೇಡ."

ಹುಡುಗಿಯ ಮುಖ ಕೆಂಪಾಯಿತು. ನೆಪ ಎಂಬ ಮಾತು ಅವಳಿಗೆ ಎಲ್ಲೋ ತಾಗಿತು. ತುಟಿ ಬಿಗಿಹಿಡಿದು ಪಿಟೀಲು ಎತ್ತಿಕೊಂಡಳು. ಆಮೇಲೆ ಕೈಯ ವಿಚಾರವಾಗಿ ಉಸಿರೆತ್ತಲಿಲ್ಲ. ಅವನು ಅದನ್ನು ಗಮನಿಸಿದ, ಗಮನಿಸಿ ಸಮಾಧಾನಪಟ್ಟ. ಗಟ್ಟಿಯಾಯಿತು ಎಂದುಕೊಂಡ.

ಒಂದು ಬೆಳಿಗ್ಗೆ ಗುಬ್ಬಿ ಅವನ ಜೊತೆ ಅಂಗಡಿಗೆ ಬಂದು ಮೇಜಿನ ತುದಿಯಲ್ಲಿ ಗಲ್ಲ ಊರಿ ನಿಂತಿದ್ದಳು. "ಅಪ್ಪಾ, ಅಕ್ಕ ಈಗ ಹಾಲಿನ ಲೋಟಾನ ಎರಡೂ ಕೈಯಲ್ಲಿ ಹಿಡ್ಕೋತಾಳೆ, ಗೊತ್ತಾ?"

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಔಷಧಿ ಅಂಗಡಿಯ ಚಿಕ್ಕ ತಕ್ಕಡಿಯ ಮುಳ್ಳು ನೇರ ಮಾಡುತ್ತಿದ್ದ. "ಒಳ್ಳೇದಾಯ್ತು ಬಿಡು. ಚೆಲ್ಲಲ್ಲ" ಎಂದ.

ಆ ಭಾನುವಾರ ಅಮ್ಮ ಫೋನ್ ಮಾಡಿ ನುಡಿಸಿ ತೋರಿಸಲು ಹೇಳಿದಳು. ಅವನು ಫೋನನ್ನು ಪಿಟೀಲಿನ ಹತ್ತಿರ ಹಿಡಿದ.

"ಯಾಕೋ ಬಿಗಿಯಾಗಿ ಕೇಳತ್ತೆ ರೀ. ಅವಳು ಹೀಗೆ ನುಡಿಸಲ್ಲ."

"ಫೋನಲ್ಲಿ ಹಾಗೇ ಕೇಳೋದು. ಒಂದು ದಿನ ತಪ್ಪಿಲ್ಲ ಕಣೇ, ಇಪ್ಪತ್ತೊಂಬತ್ತು ದಿನ ಆಯ್ತು."

"ಅವಳಿಗೆ ಕೊಡಿ."

ದೊಡ್ಡವಳು ಫೋನನ್ನು ಬಲಗೈಯಲ್ಲಿ ತೆಗೆದುಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪ ಅಲ್ಲೇ, ಒಂದು ಮಾರು ದೂರದಲ್ಲಿ, ಹಸಿರು ಪೆನ್ಸಿಲ್ ಹಿಡಿದು ನಗುತ್ತಾ ನಿಂತಿದ್ದ. "ಏನಿಲ್ಲಮ್ಮ. ಚೆನ್ನಾಗೇ ಇದೀನಿ" ಎಂದಳು.

ರಜೆ ಮುಗಿಯಿತು. ನಲವತ್ತು ದಿನವೂ ಹಸಿರಾಗಿದ್ದ ಹಾಳೆಯನ್ನು ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ಅವನು ಮಗಳನ್ನು ಮೇಡಂ ಹತ್ತಿರ ಕರೆದೊಯ್ದ. ಆಯ್ಕೆಗೆ ಇನ್ನು ಐದೇ ದಿನ. ಮೇಡಂ ಹಾಳೆ ಬಿಡಿಸಿ ನೋಡಿ ಹುಬ್ಬೇರಿಸಿದರು. "ಅಬ್ಬಾ, ಇಂಥ ಅಪ್ಪ ಎಲ್ಲ ಮಕ್ಕಳಿಗೂ ಇದ್ದಿದ್ರೆ!" ಎಂದರು. ಆ ಮಾತು ಅವನ ಕಿವಿಗೆ ಬೆಲ್ಲದಂತಿತ್ತು. ಅದಾದ ಮೇಲೆ ಆ ಮಾತು ನೆನಪಾದಾಗಲೆಲ್ಲ ಅವನಿಗೆ ಎದ್ದು ಎಲ್ಲಿಗಾದರೂ ಹೊರಟುಹೋಗೋಣ ಎನಿಸುತ್ತಿತ್ತು.

ದೊಡ್ಡವಳು ನುಡಿಸಲು ಶುರುಮಾಡಿದಳು. ಮೊದಲ ಪುಟ ಸರಿಯಾಗಿಯೇ ಹೋಯಿತೇನೋ, ಅವನಿಗೆ ತಿಳಿಯಲಿಲ್ಲ. ವೇಗದ ಭಾಗ ಬಂದಾಗ ಮೇಡಂ ಮುಂದಕ್ಕೆ ಬಾಗಿದರು. ಹುಡುಗಿಯ ಕಿರುಬೆರಳು ತಂತಿಯ ಮೇಲೆ ಎತ್ತಿಕೊಂಡೇ ನಿಂತಿತು, ಕೆಳಗೆ ಬರಲಿಲ್ಲ. ಅವಳು ಇನ್ನೊಂದು ಸಲ ಪ್ರಯತ್ನಿಸಿದಳು. ಕಮಾನು ನಿಂತಿತು. ಪಿಟೀಲಿನ ಕುತ್ತಿಗೆ ಅವಳ ಕೈಯಿಂದ ಜಾರಿತು, ಮೇಡಂ ಎರಡೂ ಕೈ ಚಾಚಿ ಹಿಡಿದುಕೊಂಡರು.

"ಎಲ್ಲಿ, ಕೈ ತೋರ್ಸು."

ಹುಡುಗಿ ಉದ್ದ ತೋಳಿನ ಅಂಗಿ ಹಾಕಿದ್ದಳು. ಬೆಂಕಿಯಂಥ ಸೆಖೆಯಲ್ಲಿ ಹತ್ತು ದಿನದಿಂದ ಅದೇ ಎರಡು ಉದ್ದ ತೋಳಿನ ಅಂಗಿಗಳನ್ನು ಬದಲಾಯಿಸಿ ಹಾಕುತ್ತಿದ್ದಳೆಂದು ಅಪ್ಪನಿಗೆ ಆಗ ಹೊಳೆಯಿತು. ಮೇಡಂ ತೋಳು ಸರಿಸಿದರು. ಮಣಿಕಟ್ಟಿನಿಂದ ಮೇಲಕ್ಕೆ ನಾಲ್ಕು ಬೆರಳಗಲ ಊದಿಕೊಂಡು ಮಿರಮಿರ ಮಿಂಚುತ್ತಿತ್ತು.

"ಎಷ್ಟು ದಿನದಿಂದ ಇದು? ಮನೇಲಿ ಹೇಳ್ಲಿಲ್ವಾ ಕಂದಾ?"

"ಅಪ್ಪಂಗೆ ಗೊತ್ತು" ಎಂದಳು ಹುಡುಗಿ.

ಅವಳ ದನಿಯಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೆ.

ಡಾಕ್ಟರು ಕೈಯನ್ನು ಅತ್ತಿತ್ತ ತಿರುಗಿಸಿ, ಬೆರಳು ಒಂದೊಂದೇ ಬಗ್ಗಿಸಿ ನೋಡಿದರು. ಬಗ್ಗಿಸಿದಾಗಲೆಲ್ಲ ಮಣಿಕಟ್ಟಿನೊಳಗೆ ಏನೋ ಕಿರುಗುಟ್ಟುತ್ತಿತ್ತು. ನರ ಎಂದು ನಾವು ಹೇಳುತ್ತೇವಲ್ಲ, ಬೆರಳನ್ನು ಎಳೆಯುವ ಆ ಹುರಿ, ಅದರ ಸುತ್ತಲಿನ ಪೊರೆ ಉಜ್ಜಿ ಉಜ್ಜಿ ಬಾತುಕೊಂಡಿದೆ ಎಂದರು. "ಮೊದಲು ನೋವು ಅಂದಾಗಲೇ ನಿಲ್ಲಿಸಿದ್ರೆ ಒಂದು ವಾರದಲ್ಲಿ ಹೋಗ್ತಿತ್ತು. ಈಗ ಮೂರು ತಿಂಗಳು ಪಟ್ಟಿ. ಆಮೇಲೆ ನೋಡೋಣ."

"ಐದು ದಿನಕ್ಕೆ ಆಯ್ಕೆ ಇದೆ" ಎಂದ ಅವನು, ಆಗದೆಂದು ಗೊತ್ತಿದ್ದೂ.

ಡಾಕ್ಟರು ಅವನನ್ನೇ ನೋಡಿದರು. "ಸ್ವಾಮಿ, ನಾನು ಏನು ಹೇಳ್ದೆ?"

ಅಮ್ಮ ಮರುದಿನವೇ ಬಂದಳು. ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಗಂಡ ಬಾಗಿಲಲ್ಲಿ ನಿಂತೇ ಇದ್ದ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ. "ನಾನು ಅವತ್ತು ಫೋನಲ್ಲಿ ಕೇಳ್ದಾಗಲೇ ಬರಬೇಕಿತ್ತು. ನನ್ನ ಕಿವಿ ಹೇಳ್ತು. ನಾನೇ ಬರಲಿಲ್ಲ" ಎಂದಳು. ಅವನು ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದ.

ಆಯ್ಕೆಯ ದಿನ ದೊಡ್ಡವಳು ತನ್ನನ್ನೂ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಳು. ಬೇಡ ಎನ್ನಲು ಅಪ್ಪನಿಗೆ ಯಾವ ಮುಖವಿತ್ತು? ಸಭಾಂಗಣದ ಕೊನೆಯ ಸಾಲಿನಲ್ಲಿ ಇಬ್ಬರೂ ಕೂತರು. ಅವಳದೇ ಕ್ಲಾಸಿನ ಒಬ್ಬ ಹುಡುಗಿ ವೇದಿಕೆಗೆ ಬಂದು ಅದೇ ತುಣುಕನ್ನು ನುಡಿಸಿದಳು. ವೇಗದ ಭಾಗ ಯಾವಾಗ ಬಂತೆಂದು ಅವನಿಗೆ ಈ ಬಾರಿ ಗೊತ್ತಾಯಿತು. ಮಗಳ ಮಡಿಲಲ್ಲಿ, ಬಿಳಿ ಪಟ್ಟಿಯ ತುದಿಯಿಂದ ಹೊರಗಿದ್ದ ಬೆರಳ ತುದಿಗಳು ಮಿಸುಕಾಡತೊಡಗಿದ್ದವು. ಅವನು ತನ್ನ ಕೈಯನ್ನು ಆ ಬೆರಳುಗಳ ಮೇಲಿಟ್ಟ. ಅವಳು ಮೆಲ್ಲಗೆ, ಅವನಿಗೆ ಬೇಸರವಾಗದ ಹಾಗೆ, ಕೈ ಸರಿಸಿಕೊಂಡಳು. ಬೇಸರವಾಗದ ಹಾಗೆ ಸರಿಸಿಕೊಂಡದ್ದೇ ಅವನನ್ನು ಕೊಂದಿತು.

ಮೂರು ತಿಂಗಳಿಗೆ ಪಟ್ಟಿ ಬಿಚ್ಚಿದರು. ತೋಳು ಸಣಕಲಾಗಿತ್ತು, ಊತ ಪೂರ್ತಿ ಇಳಿದಿತ್ತು. ದಿನಕ್ಕೆ ಐದು ನಿಮಿಷದಿಂದ ಶುರುಮಾಡಬಹುದು ಎಂದು ಡಾಕ್ಟರೂ ಹೇಳಿದರು, ಮೇಡಮ್ಮೂ ಹೇಳಿದರು. ಅಮ್ಮ ಹೊಲಿಗೆ ಹಿಡಿದು ಪಕ್ಕದಲ್ಲಿ ಕೂತಳು. ದೊಡ್ಡವಳು ಪಿಟೀಲನ್ನು ಭುಜಕ್ಕಿಟ್ಟು ನಾಲ್ಕು ಸ್ವರ ಎಳೆದಳು, ನಿಲ್ಲಿಸಿದಳು, ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿದಳು.

"ನೋಯ್ತಾ ಪುಟ್ಟಾ?"

"ಇಲ್ಲಮ್ಮ. ನೋವಿಲ್ಲ. ಬೇಡ ಅಷ್ಟೆ."

ಒತ್ತಾಯ ಮಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗುಬ್ಬಿಯ ಕೊಳಲಂತೂ ಯಾವಾಗಲೋ ನಿಂತುಹೋಗಿತ್ತು. ಊದೆಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, "ನನ್ನ ಕೈಯೂ ದಪ್ಪ ಆಗತ್ತೆ" ಎಂದು ಅಳುತ್ತಿದ್ದಳು. ಹಾಗಾಗಲ್ಲ ಎಂದು ಅವನು ಎಷ್ಟು ವಿಧದಲ್ಲಿ ಹೇಳಿದರೂ ಅವಳು ಅಮ್ಮನ ಮುಖ ನೋಡುತ್ತಿದ್ದಳು. ಅಪ್ಪನ ಮಾತು ಆ ವಿಷಯದಲ್ಲಿ ಇನ್ನು ನಡೆಯುವಂತಿರಲಿಲ್ಲ.

ಪಿಟೀಲು ಕ್ಲಾಸಿನದು. ಹಿಂತಿರುಗಿಸಲು ಅವನೇ ಹೋದ. ಮೇಡಂ ಪೆಟ್ಟಿಗೆ ತೆಗೆದುಕೊಂಡು ಬೀರುವಿನ ಮೇಲಿಟ್ಟರು. "ತಪ್ಪು ನಂದೂ ಇದೆ. ಗಂಟೆ ಹೇಳ್ದೆ, ನಡುವೆ ನಿಲ್ಲಿಸಬೇಕು ಅಂತ ಹೇಳ್ಲಿಲ್ಲ. ಬಸ್ಸಿನ ಗಡಿಬಿಡಿ ಇತ್ತು" ಎಂದರು.

"ಅವಳು ನನ್ನ ಹತ್ರ ಎರಡು ಸಲ ಹೇಳಿದ್ಲು ಮೇಡಂ" ಎಂದ ಅವನು. ಅಷ್ಟು ಹೇಳಿ ಮೆಟ್ಟಿಲಿಳಿದುಬಿಟ್ಟ.

ದಿನಗಳು ಕಳೆದವು. ಜನ ಮರೆತರು. ದೊಡ್ಡವಳು ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಕೇಳಿದ್ದಕ್ಕೆಲ್ಲ ನಗುಮುಖದಿಂದಲೇ ಉತ್ತರಿಸುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಆ ಮನೆಯಲ್ಲಿ ಏನೂ ಆದಂತಿರಲಿಲ್ಲ.

ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಅಂಗಡಿಗೆ ಫೋನ್ ಬಂತು. ಬಂದು ಮಗಳನ್ನು ಕರೆದುಕೊಂಡು ಹೋಗಿ ಎಂದರು. ಅವನು ಬಾಗಿಲೂ ಹಾಕದೆ ಓಡಿದ. ದೊಡ್ಡವಳು ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. ಬಲಗೆನ್ನೆ ಊದಿ, ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ದವಡೆಹಲ್ಲು ಕೆಟ್ಟು ಕೀವಾಗಿತ್ತು. ಐದಾರು ದಿನದಿಂದ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳಂತೆ. ಗೆಳತಿಯರಿಗೆ ಗೊತ್ತಿತ್ತು. ಆ ಐದಾರು ದಿನವೂ ಅವನು ಎದುರಿಗೇ ಕೂತು ಊಟ ಮಾಡಿದ್ದ.

"ಯಾಕೆ ಮಗಳೇ ಹೇಳ್ಲಿಲ್ಲ?" ಎಂದ.

ಅವಳು ಯೋಚಿಸಿದಳು. ನಿಜವಾಗಿಯೂ ಕಾರಣ ಹುಡುಕುವವಳಂತೆ ಯೋಚಿಸಿದಳು. "ಗೊತ್ತಿಲ್ಲಪ್ಪ. ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ."

ಅವಳ ಚೀಲವನ್ನು ತಾನು ಹೊತ್ತುಕೊಂಡು ಹಲ್ಲಿನ ಡಾಕ್ಟರ ಕಡೆಗೆ ನಡೆದ. ಬಿಸಿಲು ಚುರುಗುಟ್ಟುತ್ತಿತ್ತು. ಅವಳ ಕೈ ಹಿಡಿಯಬೇಕೆನಿಸಿತು, ಯಾವ ಕೈ ಹಿಡಿಯಬೇಕೆಂದು ತಿಳಿಯದೆ ಪಕ್ಕದಲ್ಲೇ ಹೆಜ್ಜೆ ಹಾಕಿದ. ಹತ್ತು ಹೆಜ್ಜೆಗೊಮ್ಮೆ "ತುಂಬಾ ನೋಯ್ತಿದೆಯಾ?" ಎಂದು ಕೇಳಿದ. ಅವಳು ಪ್ರತಿ ಸಲವೂ ತಾಳ್ಮೆಯಿಂದ "ಇಲ್ಲಪ್ಪ" ಎಂದಳು. ಅದು ನಿಜವೋ ಸುಳ್ಳೋ ತಿಳಿಯಲು ಅವನು ಅವಳ ಮುಖವನ್ನೇ ದಿಟ್ಟಿಸಿ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ.